ಕಲ್ಲೇಟು ತಿಂದವನು ಕೋಲ್ಕತ್ತಾದ ಫುಟ್‌ಬಾಲ್ ಕ್ಲಬ್ ಮೋಹನ್ ಬಾಗಾನ್‌ನ ಆಟಗಾರ, ಶಿಕ್ಷೆಯೂ ಮೋಹನ್ ಬಾಗಾನ್‌ಗೇ ಆದದ್ದು ಯಾಕೆ?

ವಿರಾಮದ ನಂತರ ತಂಡ ಮೈದಾನಕ್ಕೆ ಇಳಿಯಲು ಒಪ್ಪಲಿಲ್ಲ, ಶಿಕ್ಷೆ ಆದದ್ದು ಅದಕ್ಕೆ.

2012ರ ಡಿಸೆಂಬರ್ 9, ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣ, ಈಸ್ಟ್ ಬೆಂಗಾಲ್ ವಿರುದ್ಧ ಆಗಿನ ದೇಶದ ಅಗ್ರ ಲೀಗ್ ಐ-ಲೀಗ್‌ನ ಪಂದ್ಯ. ಮೋಹನ್ ಬಾಗಾನ್ ಒಂದು ಗೋಲು ಹಿಂದಿತ್ತು. ರೆಫರಿ ಜೊತೆ ವಾದಕ್ಕಿಳಿದ ಅದೇ ತಂಡದ ಒಡಾಫಾ ಒಕೋಲಿಗೆ ಕೆಂಪು ಕಾರ್ಡ್ ಬಿತ್ತು, ಗ್ಯಾಲರಿ ಕೆರಳಿತು, ತೂರಿಬಂದ ಕಲ್ಲು ರಹೀಂ ನಬಿ ಮುಖಕ್ಕೆ ಬಡಿಯಿತು.

ಇಂಥ ಹೊತ್ತಲ್ಲಿ ಆಟ ತಡೆಯುವ, ಪಂದ್ಯ ಕೈಬಿಡುವ ಅಧಿಕಾರವನ್ನು ಫುಟ್‌ಬಾಲ್ ನಿಯಮ ಕೊಟ್ಟಿರುವುದು ರೆಫರಿಗೆ. ತಂಡವೇ ಆಡಲ್ಲ ಅಂದರೆ ಎದುರಾಳಿ 3-0 ಗೆದ್ದ ಲೆಕ್ಕ. ಏಟು ತಿಂದವರಿಗೆ ಇದು ಕ್ರೂರವಾಗಿ ಕಾಣುತ್ತದೆ, ನಿಜ. ಆದರೆ ಹೊರನಡೆಯುವ ಹಕ್ಕು ತಂಡಕ್ಕೆ ಸಿಕ್ಕರೆ, ಸೋಲುತ್ತಿರುವ ಕಡೆಯವರು ನಾಲ್ಕು ಕಲ್ಲೆಸೆದು ಪಂದ್ಯವನ್ನೇ ಅಳಿಸಿಹಾಕಬಹುದು. ಹಾಗಾಗಿ ತಕರಾರಿದ್ದರೆ ದೂರು ಕೊಟ್ಟು ಆಡಬೇಕು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಮೊದಲು ಕ್ಲಬ್ಬನ್ನು ಐ-ಲೀಗ್‌ನಿಂದ ಎರಡು ವರ್ಷ ಹೊರಗಿಟ್ಟಿತು. 2013ರ ಜನವರಿಯಲ್ಲಿ ಅದನ್ನು ಕೈಬಿಟ್ಟು 2 ಕೋಟಿ ರೂಪಾಯಿ ದಂಡ ಹಾಕಿ, ಗಳಿಸಿದ್ದ ಅಂಕಗಳನ್ನು ಕಿತ್ತುಕೊಂಡಿತು. ಹೀಗೆಯೇ 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್ ಗೋಲಿಗೆ ಮುನಿಸಿಕೊಂಡು ಎದ್ದುಹೋದ ಕೇರಳ ಬ್ಲಾಸ್ಟರ್ಸ್‌ಗೆ ಬಿದ್ದ ದಂಡ 4 ಕೋಟಿ.