ಧಾರವಾಡ ಜೈಲಿನಲ್ಲಿರುವ ತಮ್ಮ ಎಸ್‌ಎಸ್‌ಎಲ್‌ಸಿ ಬರೆಯಬಹುದಾ?

ನಿಮ್ಮ ತಮ್ಮನಿಗೆ 22 ವರ್ಷ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಈಗ ಧಾರವಾಡ ಕೇಂದ್ರ ಕಾರಾಗೃಹದಲ್ಲಿದ್ದಾನೆ ಅಂದಿದ್ದೀರಿ. ಬರೆಯಬಹುದು. ವಿಚಾರಣಾಧೀನ ಕೈದಿಯಾದರೂ ಓದುವ ಹಕ್ಕು ಹೋಗುವುದಿಲ್ಲ.

ದಾರಿ ಎರಡು. ಒಂದು, ರಾಜ್ಯದ ಪರೀಕ್ಷಾ ಮಂಡಳಿಯ ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದು. ಇದರಲ್ಲಿ ಆರೂ ವಿಷಯ ಒಟ್ಟಿಗೇ ಬರೆಯಬೇಕು, ಫೇಲಾದವನ್ನು ಮಾತ್ರ ಮತ್ತೆ ಬರೆದರೆ ಸಾಕು. ಇನ್ನೊಂದು, ಕೇಂದ್ರ ಸರ್ಕಾರದ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. ಇಲ್ಲಿ ಹತ್ತನೇ ಕ್ಲಾಸಿಗೆ ಐದು ವಿಷಯ ಪಾಸಾದರೆ ಸಾಕು. ಒಮ್ಮೆ ಸೇರಿದರೆ ಐದು ವರ್ಷ ಟೈಮ್ ಇರುತ್ತದೆ, ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ನನ್ನ ಕೇಳಿದರೆ ಜೈಲಿನವರಿಗೆ ಇದೇ ವಾಸಿ. ಕೋರ್ಟ್ ತಾರೀಖು, ಜಾಮೀನು, ಬೇರೆ ಜೈಲಿಗೆ ವರ್ಗ, ಯಾವಾಗ ಏನಾಗುತ್ತದೋ ಹೇಳೋಕಾಗಲ್ಲ ಅಲ್ವಾ? ಪಾಸಾದ ವಿಷಯ ಮಾತ್ರ ಹಾಗೇ ಉಳಿಯುತ್ತದೆ.

ಮೊದಲು ನಿಮ್ಮ ತಮ್ಮನೇ ಜೈಲು ಸೂಪರಿಂಟೆಂಡೆಂಟ್‌ಗೆ ಒಂದು ಅರ್ಜಿ ಬರೆದು ಕೊಡಲಿ. ಹೊರಗಿನ ಓಡಾಟ ನಿಮ್ಮದು. ಹೆಚ್ಚು ಸತಾಯಿಸುವುದು ಹಳೆ ಶಾಲೆಯ ಟಿಸಿ. ಅದರಲ್ಲಿನ ಹೆಸರು, ಹುಟ್ಟಿದ ತಾರೀಖು ಆಧಾರ್ ಜೊತೆ ತಾಳೆಯಾಗುತ್ತದಾ ಈಗಲೇ ನೋಡಿ. ಇನಿಶಿಯಲ್ ಹಿಂದೆಮುಂದೆ ಆಗಿದ್ದರೂ ಅರ್ಜಿ ಸುಮ್ನೆ ತಡವಾಗುತ್ತದೆ.

ಅಂದಹಾಗೆ, 18 ತುಂಬದ ಹುಡುಗರ ದಾರಿಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅವರನ್ನು ಜೈಲಿಗೆ ಹಾಕುವಂತಿಲ್ಲ. ಅಂಥವರ ಓದಿಗೆ ವೀಕ್ಷಣಾಲಯದ, ಅಂದರೆ ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ಇರಿಸುವ ಸರ್ಕಾರಿ ಮನೆಯ, ಅಧೀಕ್ಷಕರನ್ನು ಕೇಳಬೇಕು.