ಮರಾಠಿ ಓದುವಾಗ ಗೊತ್ತಿಲ್ಲದ ಪದದ ಅರ್ಥ ಊಹಿಸುವುದು ಹೇಗೆ?

ಪುಣೆಗೆ ಬಂದ ಕನ್ನಡಿಗರು ನಿಘಂಟಿಲ್ಲದೆ ಮರಾಠಿ ಪೇಪರ್ ಓದಬಹುದೇ ಎಂದು ಕೇಳಿದ್ದೀರಿ. ಓದಬಹುದು, ಸುತ್ತಲಿನ ಪದಗಳು ಗೊತ್ತಿದ್ದರೆ. ಊಹೆ ನಿಲ್ಲುವುದೇ ಅವುಗಳ ಮೇಲೆ. ನೂರು ಪದಗಳಲ್ಲಿ ಐದಕ್ಕಿಂತ ಹೆಚ್ಚು ಹೊಸವಾದರೆ ಸುಳಿವು ಸಿಗುವುದು ಕಷ್ಟ. ಆಗ ಇನ್ನೂ ಸುಲಭದ ಬರಹ ಹಿಡಿಯಿರಿ.

'ಜಲವಾಹಿನೀ ದುರುಸ್ತೀಮುಳೆ ಗುರುವಾರೀ ಪಾಣೀಪುರವಠಾ ಬಂದ್' ಎಂಬ ಸಾಲು ನೋಡಿ. ಜಲ, ವಾಹಿನಿ, ದುರಸ್ತಿ, ಗುರುವಾರ, ಬಂದ್ ನಮ್ಮಲ್ಲೂ ಇವೆ. 'ಪಾಣೀ' ಬಂದ ಮೊದಲ ದಿನವೇ ಕಲಿತಿರುತ್ತೀರಿ. ಉಳಿದದ್ದು 'ಮುಳೆ' ಮತ್ತು 'ಪುರವಠಾ'. ದುರಸ್ತಿ ಕಾರಣ, ಬಂದ್ ಪರಿಣಾಮ. ಹಾಗಾದರೆ ದುರಸ್ತಿಯ ಬಾಲಕ್ಕೆ ಅಂಟಿದ 'ಮುಳೆ' ಎಂದರೆ 'ಇಂದಾಗಿ' (ನಮ್ಮ 'ಮೂಲ'ದ ನೆಂಟನೇ ಅದು). ನೀರಿಗೆ ಸಂಬಂಧಿಸಿ ಬಂದ್ ಆಗುವಂಥದ್ದು ಏನು? ಪೂರೈಕೆ. ಊಹಿಸಿದ ಅರ್ಥವನ್ನು ಅದೇ ಜಾಗದಲ್ಲಿಟ್ಟು ಇನ್ನೊಮ್ಮೆ ಓದಿ. ಮುಂದಿನ ವಾಕ್ಯಕ್ಕೂ ಅದು ಹೊಂದಬೇಕು.

ಎಡವುವುದು ಪರಿಚಿತ ಮುಖದ ಪದಗಳಲ್ಲಿ. 'ಪೇಪರ್ ಅವಘಡ್ ಹೋತಾ' ಎಂದರೆ ಪರೀಕ್ಷೆಯಲ್ಲಿ ಅಪಘಾತವಾಯಿತು ಎಂದಲ್ಲ, ಪ್ರಶ್ನೆಪತ್ರಿಕೆ ಕಷ್ಟವಿತ್ತು ಎಂದು. ಸಾಲಿಗೆ ಒಗ್ಗದ ಇಂಥ ಪದವನ್ನು ಮಾತ್ರ ನಿಘಂಟಿನಲ್ಲಿ ನೋಡಿಬಿಡಿ. ಇನ್ನು, ಒಮ್ಮೆ ಊಹಿಸಿದ್ದು ಅಷ್ಟು ಸುಲಭವಾಗಿ ತಲೆಯಲ್ಲಿ ನಿಲ್ಲುವುದಿಲ್ಲ. ಅದೇ ಪದ ಬೇರೆಬೇರೆ ಸಾಲುಗಳಲ್ಲಿ ಹಲವು ಸಲ ಎದುರಾಗಬೇಕು.