ಪ್ರತಿಕ್ರಿಯೆ: ವಿನ್ಯಾಸದ ಲೆಕ್ಕ ಮೀರಿದರೂ ಉಪಕರಣಗಳು ಉಳಿದದ್ದು ಹೇಗೆ?

2007ರ ಜುಲೈ 16ರ ಭೂಕಂಪದಲ್ಲಿ ಜಪಾನಿನ ಕಾಶಿವಾಜಾಕಿ-ಕರಿವಾ ಪರಮಾಣು ವಿದ್ಯುತ್ ಸ್ಥಾವರದ ಒಂದನೇ ಘಟಕದ ತಳಪಾಯದಲ್ಲಿ 680 ಗ್ಯಾಲ್ (ಒಂದು ಗ್ಯಾಲ್ ಎಂದರೆ ಸೆಕೆಂಡಿನ ವರ್ಗಕ್ಕೆ ಒಂದು ಸೆಂಟಿಮೀಟರ್) ವೇಗೋತ್ಕರ್ಷ ದಾಖಲಾಯಿತು. ವಿನ್ಯಾಸದಲ್ಲಿ ಎಣಿಸಿದ್ದು 273 ಮಾತ್ರ. ಆದರೂ ಸುರಕ್ಷತಾ ಉಪಕರಣಗಳಿಗೆ ಗಮನಾರ್ಹ ಹಾನಿಯಾಗಲಿಲ್ಲವೇಕೆ ಎಂಬುದು ತಮ್ಮ ಪ್ರಶ್ನೆ.

ಕ್ಷಣಮಾತ್ರದ ಗರಿಷ್ಠ ಅಂಕಿಯೊಂದೇ ಹಾನಿಯನ್ನು ನಿರ್ಧರಿಸುವುದಿಲ್ಲ. ಉಪಕರಣಕ್ಕೆ ತಟ್ಟುವುದು ನೆಲದ ಕಂಪನವಲ್ಲ, ಅದು ನಿಂತಿರುವ ಮಹಡಿಯ ಕಂಪನ. ಆ ಮಹಡಿ ಯಾವ ಆವರ್ತನದಲ್ಲಿ ಹೆಚ್ಚು ಅಲುಗುತ್ತದೆ, ಉಪಕರಣದ ಸಹಜ ಆವರ್ತನ (ತಟ್ಟಿಬಿಟ್ಟಾಗ ಅದು ತಾನಾಗಿ ಅಲುಗುವ ಆವರ್ತನ) ಅದಕ್ಕೆ ಎಷ್ಟು ಹತ್ತಿರವಿದೆ ಎಂಬುದೇ ಮುಖ್ಯ. ಇದರ ಮೇಲೆ ಲೋಹದ ಅನುಮತಿತ ಒತ್ತಡ, ಕಂಪನಶಮನ (ಅಲುಗಾಟ ತಾನಾಗಿ ತಗ್ಗುವ ಪ್ರಮಾಣ) ಮುಂತಾದವುಗಳಲ್ಲಿ ವಿನ್ಯಾಸಕಾರರು ಹಂತಹಂತವಾಗಿ ಹೆಚ್ಚುವರಿ ಸುರಕ್ಷತಾ ಅಂತರ ಇಟ್ಟಿರುತ್ತಾರೆ.

ದೊಡ್ಡ ಟ್ಯಾಂಕು, ಪೈಪುಗಳನ್ನು ಲೆಕ್ಕದಿಂದಲೇ ಪರಿಶೀಲಿಸಬಹುದು. ನಿಯಂತ್ರಣ ಕಪಾಟಿನ ವಿಷಯ ಹಾಗಲ್ಲ: ಕಪಾಟು ಗಟ್ಟಿಯಾಗಿ ನಿಂತಿದ್ದರೂ ಒಳಗಿನ ರಿಲೇಯ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನ) ಸಂಪರ್ಕಬಿಂದು ಕೆಲವೇ ಮಿಲಿಸೆಕೆಂಡು ಅದುರಿ ಬೇರ್ಪಟ್ಟರೆ ತಪ್ಪು ಸಂಕೇತ ಹೊರಡಬಹುದು. ಆದ್ದರಿಂದ ಅದನ್ನು ಮೊದಲು ಕೃತಕವಾಗಿ ಹಳತಾದ ಸ್ಥಿತಿಗೆ ತಂದು, ಕಂಪನ ಮೇಜಿನ ಮೇಲೆ ಬೋಲ್ಟ್ ಹಾಕಿ, ವಿದ್ಯುತ್ ಹರಿಸಿ ಅಲುಗಿಸುತ್ತಾರೆ. ಸಾಮಾನ್ಯ ಪದ್ಧತಿಯಲ್ಲಿ ಮೊದಲು ಐದು ಸಣ್ಣ ಕಂಪನಗಳು, ಆಮೇಲೆ ಒಂದು ತೀವ್ರ ಕಂಪನ.

ನನ್ನ ಅಭಿಪ್ರಾಯದಲ್ಲಿ ಪರೀಕ್ಷಾ ವರದಿಗಿಂತ ಮೊದಲು ನೋಡಬೇಕಾದದ್ದು ಬುಡದ ಬೋಲ್ಟು ಮತ್ತು ಅಡಿಪಾಯ. ಅದೇ ಸ್ಥಾವರದ ಮೂರನೇ ಘಟಕದಲ್ಲಿ ಬೆಂಕಿ ಹೊತ್ತಿಕೊಂಡ ಟ್ರಾನ್ಸ್‌ಫಾರ್ಮರ್ ಸುರಕ್ಷತಾ ವರ್ಗದ್ದಲ್ಲ. ಕಟ್ಟಡದ ಪಕ್ಕದ ನೆಲ ಕುಸಿದು ಅದರ ಜೋಡಣೆ ಸರಿದದ್ದೇ ಅಲ್ಲಿನ ಅವಘಡಕ್ಕೆ ಕಾರಣ.